ಮಾಳಿಗೆ ಮೇಲಿನ ರವೆ

ಸುರಪುರದ ನಾಗರತ್ನಾ ಶಹಾಪುರಕ್ಕೆ ಸೊಸೆಯಾಗಿ ಬಂದಾಗ ಅತ್ತೆ ಅವಳಿಗೆ ಮೊದಲು ಕಲಿಸಿದ್ದು ಅಡುಗೆಯಲ್ಲ, ಬಾಯಿ ಹಿಡಿತ. "ಇದು ಅಂಗಡಿ ಮನಿ, ತಂಗಿ. ಒಳಗಿನ ಮಾತು ಹೊಚ್ಚಲ ದಾಟಿದ್ರ ಗಿರಾಕಿ ದಾಟಿ ಹೋದಂಗ," ಎಂದು ಆ ಮುದುಕಿ ಒಲೆ ಮುಂದೆ ಕೂತು ಹೇಳಿದ್ದಳು. ನಾಗರತ್ನಾ ಆ ಪಾಠವನ್ನು ಚೆನ್ನಾಗಿಯೇ ಕಲಿತಳು. ಸಕ್ಕರೆ ಚೀಲಕ್ಕೆ ಇರುವೆ ಹತ್ತಿದ್ದಾಗಲಿ, ಗಂಡನಿಗೂ ಮೈದುನನಿಗೂ ಪಾಲಿನ ಜಗಳ ಆದದ್ದಾಗಲಿ ಅವಳ ಬಾಯಿಂದ ಓಣಿಗೆ ಹೋಗಲಿಲ್ಲ. ಓಣಿಯ ಹೆಂಗಸರು ಅವಳನ್ನು ಮುಗುಮ್ಮಿನ ಹೆಣ್ಣುಮಗಳು ಅನ್ನುತ್ತಿದ್ದರು. ಅದನ್ನು ಅವಳು ಹೊಗಳಿಕೆ ಅಂತಲೇ ತಿಳಿದಿದ್ದಳು.

ಗಂಡ ಚನ್ನಯ್ಯ ಕೆಟ್ಟವನಲ್ಲ. ಲಿಂಗಪೂಜೆ ಆಗದೆ ಅಂಗಡಿಯ ಬೀಗ ತೆಗೆದವನಲ್ಲ, ಕುಡಿತದ ಹತ್ತಿರ ಸುಳಿದವನಲ್ಲ. ಅಪ್ಪ ಬಿಟ್ಟುಹೋದ ಗೂಡಂಗಡಿಯನ್ನು ಬಜಾರಿನಲ್ಲಿ ಎಲ್ಲರಿಗೂ ಗೊತ್ತಿರುವ ಕಿರಾಣಿ ಅಂಗಡಿ ಮಾಡಿದವನು. ಅವನಲ್ಲಿ ಒಂದು ಸ್ವಭಾವ ಇತ್ತು, ಅದನ್ನು ಗುಣ ಅನ್ನಬೇಕೋ ಅವಗುಣ ಅನ್ನಬೇಕೋ ಹೆಂಡತಿಗೆ ಕೊನೆಯವರೆಗೂ ತಿಳಿಯಲಿಲ್ಲ. ಒಂದು ಕಾಳನ್ನೂ ಅವನು ಎಸೆಯುತ್ತಿರಲಿಲ್ಲ. ಸಣ್ಣವನಿದ್ದಾಗ ನುಸಿ ಬಿದ್ದ ಜೋಳವನ್ನು ಅವ್ವ ಬಿಸಿಲಿಗೆ ಹರವಿ, ಹಸನು ಮಾಡಿ, ಬೀಸಿ ರೊಟ್ಟಿ ಬಡಿದು ಹಾಕಿದ್ದಳಂತೆ. ಆ ರೊಟ್ಟಿ ತಿಂದು ಬೆಳೆದ ಮೈ ಇದು ಎಂದು ಬಂದವರ ಮುಂದೆ ಎದೆ ಮುಟ್ಟಿ ಹೇಳಿಕೊಳ್ಳುತ್ತಿದ್ದ. ಹೀಗಾಗಿ ಅಂಗಡಿಯಲ್ಲಿ ಹೋಗದೆ ಉಳಿದ ಮಾಲು, ತಾರೀಖು ದಾಟಿದ ಬಿಸ್ಕೀಟು, ಗಂಟುಗಟ್ಟಿದ ಹಿಟ್ಟು, ಎಲ್ಲ ಮನೆಯ ಮಾಳಿಗೆ ಮೇಲಿನ ಕೋಣೆಗೆ ಏರುತ್ತಿತ್ತು. ಏರಿದ್ದು ಇಳಿಯುತ್ತಿರಲಿಲ್ಲ.

ಒಬ್ಬಳೇ ಮಗಳನ್ನು ಕಲಬುರಗಿಗೆ ಕೊಟ್ಟ ಮೇಲೆ ನಾಗರತ್ನಾಳಿಗೆ ದಿನ ದೊಡ್ಡದಾಯಿತು. ಇಬ್ಬರ ಮನೆಯಲ್ಲಿ ಎಷ್ಟು ರೊಟ್ಟಿ ಬಡಿಯುವುದು, ಎಷ್ಟು ಕಸ ಗುಡಿಸುವುದು? ಗೋಗಿ ರಸ್ತೆಯ ಹಳೆ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ 'ಬುತ್ತಿ ಬಳಗ' ಅಂತ ಒಂದು ಗೋದಾಮು ನಡೆಯುತ್ತದೆ, ಮಿಲ್ಲಿನವರು, ಅಂಗಡಿಯವರು ಕೊಟ್ಟ ದವಸ ಹಸನು ಮಾಡಿ ಇಲ್ಲದವರಿಗೆ ಮುಟ್ಟಿಸುತ್ತಾರೆ, ಕೈ ಹಚ್ಚಲು ಹೆಣ್ಣುಮಕ್ಕಳು ಬೇಕಾಗಿದ್ದಾರೆ ಎಂದು ಗುಡಿಯಲ್ಲಿ ಯಾರೋ ಅಂದರು. ಅವಳು ಗಂಡನನ್ನು ಕೇಳಿದಳು. "ಪುಕ್ಕಟೆ ದುಡಿಮಿ ಮಾಡಾಕ ಯಾರ್ ಬ್ಯಾಡ ಅಂತಾರ? ಹೋಗು," ಎಂದ ಚನ್ನಯ್ಯ, ತಕ್ಕಡಿಯಿಂದ ಕಣ್ಣೆತ್ತದೆ.

ಗೋದಾಮಿನಲ್ಲಿ ಅವಳ ಪಕ್ಕಕ್ಕೆ ಜರಡಿ ಹಿಡಿದು ಕೂತವಳು ಇಮಾಮಬೀ. ಅವಳ ಗಂಡ ಮನ್ಸೂರಅಲಿ ಟೇಲರ್. ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿ, ಮಶೀನು ಮಾರಿ, ಅದರ ಮರುವರ್ಷ ತೀರಿಕೊಂಡಿದ್ದ. ಮನೆಯಲ್ಲಿ ಒಲೆ ಹೊತ್ತದ ಆ ದಿನಗಳಲ್ಲಿ ಬಾಗಿಲಿಗೆ ಅಕ್ಕಿ ಬೇಳೆ ತಂದಿಟ್ಟದ್ದು ಇದೇ ಬಳಗ. ಮಗ ಟ್ಯಾಂಕರ್ ಹೊಡೆಯಲು ಶುರು ಮಾಡಿ ಮನೆ ಮತ್ತೆ ಕಾಲ ಮೇಲೆ ನಿಂತದ್ದೇ ತಡ, ಇಮಾಮಬೀ ತಾನಾಗಿ ಗೋದಾಮಿಗೆ ಬಂದಳು. "ತಿಂದೀನಿ, ತೀರಸ್ತೀನಿ," ಅಂದಳಂತೆ. ಅಷ್ಟೇ ಅವಳ ಅರ್ಜಿ.

ಮೊದಮೊದಲು ನಾಗರತ್ನಾ ಚಹಾವನ್ನು ಮನೆಯಿಂದ ಫ್ಲಾಸ್ಕಿನಲ್ಲಿ ಒಯ್ಯುತ್ತಿದ್ದಳು. ಇಮಾಮಬೀ ಕೇಳಲೂ ಇಲ್ಲ, ಮೋರೆ ಸಣ್ಣದು ಮಾಡಲೂ ಇಲ್ಲ. ಒಂದು ಮಳೆಗಾಲದ ದಿನ ಫ್ಲಾಸ್ಕು ಬಿದ್ದು ಒಡೆಯಿತು. ಇಮಾಮಬೀ ತನ್ನ ಸ್ಟೀಲಿನ ಡಬ್ಬಿಯ ಚಹಾ ಮುಚ್ಚಳಕ್ಕೆ ಸುರಿದು ಮುಂದೆ ಹಿಡಿದಳು. ನಾಗರತ್ನಾ ಒಂದು ಗಳಿಗೆ ಅದನ್ನು ನೋಡಿದಳು, ಆಮೇಲೆ ಕುಡಿದಳು. ಮತ್ತೆ ಹೊಸ ಫ್ಲಾಸ್ಕು ಕೊಳ್ಳಲಿಲ್ಲ. ಅವತ್ತಿನಿಂದ ಇಮಾಮಬೀ ಅವಳಿಗೆ "ರತ್ನಕ್ಕಾ, ನೀ" ಅನ್ನತೊಡಗಿದಳು. ಮಿಲ್ಲಿನ ತಗಡಿನ ಮಾಡಿನ ಕೆಳಗೆ, ಇನ್ನೂ ಜಂತಿಗೆ ಅಂಟಿಕೊಂಡಿದ್ದ ಹಳೆ ಹತ್ತಿಯ ಎಳೆಗಳು ಗಾಳಿಗೆ ಉದುರುತ್ತಿದ್ದಂತೆ, ಇಬ್ಬರೂ ಬೇಳೆ ಕೇರುತ್ತ ಸೊಸೆ, ಮಗಳು, ಮೊಣಕಾಲು ನೋವು, ಸತ್ತ ಗಂಡ, ಇದ್ದ ಗಂಡ ಎಲ್ಲವನ್ನೂ ಆಡಿದರು. ಮೂವತ್ತು ವರ್ಷ ಹೊಚ್ಚಲ ದಾಟದ ಮಾತು ಆ ಜರಡಿಯ ಸದ್ದಿನಲ್ಲಿ ಹೊರಗೆ ಬಂತು.

ವಾರಕ್ಕೊಮ್ಮೆ ಇಬ್ಬರೂ ಟಂಟಂ ಆಟೋದಲ್ಲಿ ಗೋಗಿ ಕಡೆಯ ಇಟ್ಟಿಗೆ ಭಟ್ಟಿಗೆ ಹೋಗಿ ಚೀಲ ಹಂಚಿ ಬರುತ್ತಿದ್ದರು. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೊಳೆದಂಡೆಯ ಊರುಗಳ ಮಂದಿ. ಮಲ್ಲಿಕಮ್ಮ ಅನ್ನುವ ಗಟ್ಟಿ ಧ್ವನಿಯ ಹೆಂಗಸು ಅವರಿಗೆಲ್ಲ ಮುಂದಾಳು. ಮೊದಲ ದಿನ ಅವಳು ಚೀಲ ಮುಟ್ಟದೆ ಕೇಳಿದ್ದಳು: "ನಾವೇನು ಬೇಡಿದ್ವೇನು? ಯಾಕ ಕೊಡಾಕತ್ತೀರಿ?" ಇಮಾಮಬೀ ಅಂದಳು: "ನನಗೂ ಹಿಂಗ ಕೊಟ್ಟಿದ್ರವ್ವಾ. ಆವಾಗ ನಾನೂ ಹಿಂಗ ಕೇಳಿದ್ದೆ." ಮಲ್ಲಿಕಮ್ಮ ಚೀಲ ತೆಗೆದುಕೊಂಡಳು. ಮುಂದೆ ಇವರ ಆಟೋ ಕಂಡರೆ ಅವಳೇ ಒಂದು ತಂಬಿಗೆ ನೀರು ತಂದು ಕೊಡುವಳು.

ಈ ಸುದ್ದಿಯೆಲ್ಲ ನಾಗರತ್ನಾ ಊಟದ ಹೊತ್ತಿಗೆ ಗಂಡನ ಮುಂದೆ ಹೇಳುವಳು. ಚನ್ನಯ್ಯ ಹೂಂಗುಟ್ಟುತ್ತ ಉಣ್ಣುವನು. ಒಂದು ದಿನ ಹೇಳದೆ ಕೇಳದೆ ಅವನ ಅಂಗಡಿಯ ಟೆಂಪೊ ಗೋದಾಮಿನ ಮುಂದೆ ಬಂದು ನಿಂತಿತು. ಒಳ್ಳೆ ತೊಗರಿ ಬೇಳೆ, ಯಾದಗಿರಿ ಮಿಲ್ಲಿನದು, ಚೀಲ ಬಿಚ್ಚಿದರೆ ಬಂಗಾರದ ಬಣ್ಣ. ಗೋದಾಮಿನ ಮ್ಯಾನೇಜರ್ ಚೇತನಕುಮಾರ ಓಡಿ ಬಂದು ಫೋಟೋ ತೆಗೆದ. ನಾಗರತ್ನಾಳಿಗೆ ಆ ದಿನ ಕಾಲು ನೆಲಕ್ಕೆ ಹತ್ತಲಿಲ್ಲ. ಮದುವೆಯಾದಾಗಿನಿಂದ ತನ್ನ ಮಾತಿಗೆ ಗಂಡ ಒಂದು ಕೆಲಸ ಮಾಡಿದ್ದು ಇದೇ ಮೊದಲು ಎಂದು ಇಮಾಮಬೀಯ ಕೈ ಹಿಡಿದು ಹೇಳಿದಳು. ಸಂಜೆ ಮನೆಗೆ ಹೋಗಿ ಗೋಧಿ ಹುಗ್ಗಿ ಮಾಡಿದಳು.

ಫೋಟೋ ಪೇಪರಿನಲ್ಲಿ ಬಂತು. ಬಜಾರಿನಲ್ಲಿ ಜನ ಚನ್ನಯ್ಯನನ್ನು ನಿಲ್ಲಿಸಿ ಕೈ ಮುಗಿಯತೊಡಗಿದರು. ಅವನಿಗೆ ಅದರ ರುಚಿ ಹತ್ತಿತು.

ಮುಂದಿನ ತಿಂಗಳ ಟೆಂಪೊದಲ್ಲಿ ಬಂದದ್ದು ರವೆ ಚೀಲಗಳು. ಇಳಿಸುವಾಗಲೇ ನಾಗರತ್ನಾ ಗುರುತು ಹಿಡಿದಳು. ಒಂದೊಂದು ಚೀಲಕ್ಕೂ ಹಳದಿ ನೀರಿನ ಕಲೆ. ಹೋದ ಮಳೆಗಾಲದಲ್ಲಿ ಮಾಳಿಗೆ ಸೋರಿ ತೊಯ್ದ ಚೀಲಗಳು ಇವು. ತಿಪ್ಪೆಗೆ ಹಾಕಿರಿ ಎಂದು ತಾನೇ ಗಂಡನಿಗೆ ಹೇಳಿದ್ದವು. ಒಂದರ ಬಾಯಿ ಬಿಚ್ಚಿದಳು. ರವೆಯಲ್ಲಿ ನುಸಿ ಬಲೆ ಕಟ್ಟಿತ್ತು, ಒಳಗಿನಿಂದ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಇಮಾಮಬೀ ಹಿಂದೆಯೇ ನಿಂತಿದ್ದಳು. ಚೀಲದ ಮೇಲೆ ಕಪ್ಪು ಬಣ್ಣದಲ್ಲಿ ಬರೆದ ಅಂಗಡಿಯ ಹೆಸರು ಅವಳಿಗೂ ಕಂಡಿತು.

ಆ ದಿನ ಊಟಕ್ಕೆ ಕೂತಾಗ ನಾಗರತ್ನಾ ಮಾತು ತೆಗೆದಳು.

"ಆ ರವಾ ಎಸೀರಿ ಅಂದಿದ್ದೆ ನಾ."

"ಎಸಿ ಅಂದಿ. ನಾ ಎಸೀಲಿಲ್ಲ, ಕೊಟ್ಟೆ. ಯಾವುದು ಚಲೋ?" ಚನ್ನಯ್ಯ ರೊಟ್ಟಿ ಮುರಿದ.

"ನುಸಿ ಬಿದ್ದಾವ್ರಿ ಅದರಾಗ. ಮನಷ್ಯಾರು ತಿನ್ನೂದೇನ ಅದು?"

"ಜರಡಿ ಹಿಡಿಯಾಕ ನೀ ಇಲ್ಲೇನ ಅಲ್ಲಿ? ನೀ ಇದ್ದಿ ಅಂತನ ಧೈರ್ಯಾ ಮಾಡಿ ಕಳಿಸೀನಿ. ಚಲೋದು ಆರಿಸಿ ಕೊಡ್ರಿ, ಉಳಿದದ್ದು ಒಗೀರಿ. ಅದ ಅಲ್ಲೇನು ನಿಮ್ಮ ಕೆಲಸ?" ಆಮೇಲೆ ಸ್ವಲ್ಪ ಮೆತ್ತಗಾಗಿ, "ನಮ್ಮವ್ವ ನಮಗ ಹಾಕಲಿಲ್ಲೇನು? ನಾ ಸತ್ತೀನೇನು?" ಎಂದ.

"ನಿಮ್ಮವ್ವ ತಾನೂ ಅದನ್ನ ತಿಂದಳ್ರಿ," ಎಂಬ ಮಾತು ನಾಗರತ್ನಾಳ ನಾಲಿಗೆಯ ತುದಿಗೆ ಬಂತು. ನುಂಗಿದಳು. ಅತ್ತೆಯ ಪಾಠ ಅಷ್ಟು ಸುಲಭಕ್ಕೆ ಬಿಡುವಂಥದ್ದಾಗಿರಲಿಲ್ಲ.

ಮರುದಿನ ಅವಳು ಮಾಡಿದ ಕೆಲಸವೇ ಮುಂದಿನದಕ್ಕೆಲ್ಲ ಮೂಲ. ಆ ಚೀಲಗಳನ್ನು ಅಂದೇ ತಿಪ್ಪೆಗೆ ಸುರಿಸಬಹುದಾಗಿತ್ತು. ಆದರೆ ಹಗಲಲ್ಲಿ ಸುರಿದರೆ ಹಮಾಲರು ನೋಡುತ್ತಾರೆ, ಚೇತನಕುಮಾರ ಕೇಳುತ್ತಾನೆ, ಬಜಾರಿಗೆ ಸುದ್ದಿ ಮುಟ್ಟುತ್ತದೆ. ಅದಕ್ಕೆ ಅವಳೂ ಇಮಾಮಬೀಯೂ ಸೇರಿ ಚೀಲಗಳನ್ನು ಎಳೆದು ಗೋದಾಮಿನ ಹಿಂದಿನ ಮೂಲೆಗೆ ಒಟ್ಟಿದರು. ದಿನಕ್ಕೆ ಸ್ವಲ್ಪ ಸ್ವಲ್ಪ, ಬೇರೆ ಕಸದ ಜೊತೆ ಸಾಗಿಸಿದರಾಯಿತು ಎಂದು ನಾಗರತ್ನಾಳ ಲೆಕ್ಕ.

"ಇಮಾಮಬೀ, ಇದು ಯಾರ ಮುಂದೂ ಬಾಯಿ ಬಿಡಬ್ಯಾಡ. ನಮ್ಮ ಮನಿ ಇಜ್ಜತ್ತಿನ ಮಾತು."

"ನಾ ಯಾಕ ಹೇಳ್ಲಿ ರತ್ನಕ್ಕಾ. ನಿನ್ನ ಮನಿ ಇಜ್ಜತ್ ಬ್ಯಾರೆ, ನಂದು ಬ್ಯಾರೆ ಏನು?"

ಅದೇ ವಾರ ಸುರಪುರದಲ್ಲಿ ತಂಗಿಯ ಮಗಳ ಕುಬಸದ ಕಾರ್ಯ ಬಂತು. ಚೊಚ್ಚಲ ಬಸುರಿ, ದೊಡ್ಡಮ್ಮ ಇಲ್ಲದೆ ಉಡಿ ತುಂಬಿಸುವುದು ಹೇಗೆ? ನಾಗರತ್ನಾ ಹೊರಟಳು. ಮೂಲೆಯ ಚೀಲಗಳನ್ನು ಬಂದ ಮೇಲೆ ನೋಡಿಕೊಳ್ಳೋಣ ಎಂದಳು.

ಅವಳು ಸುರಪುರದಲ್ಲಿ ಹಸಿರು ಬಳೆ ತೊಡಿಸುತ್ತಿದ್ದ ದಿನವೇ ಗೋದಾಮಿನಲ್ಲಿ ಸೇವಾ ದಿನ. ಯಾದಗಿರಿಯಿಂದ ದೊಡ್ಡ ಮಂದಿ ಬಂದಿದ್ದರು. ಒಂದೇ ಬಣ್ಣದ ಟೋಪಿ ಹಾಕಿಕೊಂಡು, ತಮ್ಮ ಕೈಯಿಂದಲೇ ಚೀಲ ತುಂಬುತ್ತೇವೆ ಎಂದು ನಿಂತರು. ತುಂಬಲು ಮಾಲು ಕಡಿಮೆ ಬಿತ್ತು. ಚೇತನಕುಮಾರ ಗೋದಾಮೆಲ್ಲ ಹುಡುಕಿ ಹಿಂದಿನ ಮೂಲೆಗೆ ಬಂದ.

"ಇದು ಯಾಕ ಹಿಂಗ ಇಟ್ಟೀರಿ? ತೆಗೀರಿ ಇದನ್ನ."

"ಬ್ಯಾಡ್ರಿ ಸಾಹೇಬ್ರ, ಅದನ್ನ ಮುಟ್ಟಬ್ಯಾಡ್ರಿ," ಎಂದಳು ಇಮಾಮಬೀ.

"ಯಾಕ?"

ಯಾಕೆ ಅನ್ನುವುದಕ್ಕೆ ಅವಳ ಹತ್ತಿರ ಉತ್ತರ ಇತ್ತು, ಹೇಳುವ ಹಕ್ಕು ಇರಲಿಲ್ಲ. "ಜರಡಿ ಆಗಿಲ್ರಿ," ಎಂದಳು. "ಮ್ಯಾಲೆ ಮ್ಯಾಲೆ ಹಿಡದು ಕೊಡ್ರಿ ಹಂಗಾರ, ಮಂದಿ ಕಾಯಾಕತ್ತಾರ," ಎಂದು ಅವನು ಹಮಾಲರನ್ನು ಕರೆದ. ಒಬ್ಬಳ ಜರಡಿ ಎಷ್ಟಕ್ಕೆಂದು ಸಾಲುತ್ತದೆ? ಟೋಪಿಯವರು ನಗುತ್ತ, ಫೋಟೋ ತೆಗೆಸಿಕೊಳ್ಳುತ್ತ, ಬೊಗಸೆ ಬೊಗಸೆ ತುಂಬಿ ಬಾಯಿ ಕಟ್ಟಿದರು. ಗಾಡಿ ಗೋಗಿ ಕಡೆಗೆ ಹೋಯಿತು.

ನಾಗರತ್ನಾ ತಿರುಗಿ ಬಂದು ಗೋದಾಮಿನ ಮೆಟ್ಟಿಲು ಹತ್ತುವ ಹೊತ್ತಿಗೆ ಒಂದು ಟಂಟಂ ಬಂದು ನಿಂತಿತು. ಅದರಿಂದ ಇಳಿದವರು ಭಟ್ಟಿಯ ಹೆಂಗಸರು. ಮುಂದೆ ಮಲ್ಲಿಕಮ್ಮ. ಅವಳು ಚೀಲ ಬೋರಲು ಹಾಕಿ ಬಾಗಿಲಲ್ಲೇ ರವೆ ಸುರಿದಳು. ಬೂದು ಬಣ್ಣದ ರವೆ, ಅದರಲ್ಲಿ ಬಿಳಿ ಹುಳ ಮಿಜಿಗುಡುತ್ತಿದ್ದವು.

"ನೋಡ್ರಿ! ನಮ್ಮ ಕೂಸುಗಳು ಇದರ ಗಂಜಿ ಕುಡದು ವಾಂತಿ ಬೇದಿ ಆಗಿ ಮಲಗ್ಯಾವು. ಸಲಾಯಿನ್ ಹಚ್ಚೀವಿ. ನಾವೇನು ನಿಮ್ಮ ಬಾಗಲಿಗಿ ಬೇಡಾಕ ಬಂದಿದ್ವೇನು? ನೀವ ಬಂದ್ರಿ, ನೀವ ಕೊಟ್ರಿ." ಆಮೇಲೆ ನಾಗರತ್ನಾಳ ಕಡೆ ತಿರುಗಿದಳು. "ಅವತ್ತ ನೀ ಬರದಿದ್ರೂ ನಿನ್ನ ಮಾರಿ ನೆನಸಿ ಚೀಲ ಬಿಚ್ಚದ ಒಳಗ ಇಟ್ಟೀವಿ ಅವ್ವಾ. ಈ ಹೆಣ್ಣಮಗಳು ಕೊಟ್ಟದ್ದು ನೋಡೂದೇನದ ಅಂತ."

ಯಾರೋ ಮೊಬೈಲಿನಲ್ಲಿ ತೆಗೆದರು. ಮಧ್ಯಾಹ್ನದ ಹೊತ್ತಿಗೆ ಆ ಹುಳದ ರವೆ ಶಹಾಪುರದ ಎಲ್ಲರ ಫೋನಿನಲ್ಲಿತ್ತು. ಮಕ್ಕಳು ಎರಡು ದಿನಕ್ಕೆ ಚೇತರಿಸಿಕೊಂಡವು, ಆದರೆ ಬಳಗದ ಹೆಸರು ಚೇತರಿಸಿಕೊಳ್ಳಲಿಲ್ಲ. ಬಳಗದವರು ಊರಿಗೆ ಒಂದು ಉತ್ತರ ಕೊಡಲೇಬೇಕಿತ್ತು.

ಮೀಟಿಂಗ್ ಕರೆದರು. ಅಧ್ಯಕ್ಷರು, ಚೇತನಕುಮಾರ, ಇನ್ನೊಂದಿಬ್ಬರು ದಾನಿಗಳು. ನಾಗರತ್ನಾಳಿಗೆ ಖುರ್ಚಿ ಕೊಟ್ಟರು, ಇಮಾಮಬೀಗೆ ಕೊಡಲಿಲ್ಲ. ಇಷ್ಟು ದಿನ ಒಂದೇ ಗೋಣಿ ತಟ್ಟಿನ ಮೇಲೆ ಕೂತವರು. ಒಬ್ಬಳು ಕೂತು ಇನ್ನೊಬ್ಬಳು ನಿಂತದ್ದನ್ನು ನಾಗರತ್ನಾ ಅಂದೇ ಮೊದಲು ನೋಡಿದ್ದು. ಎದ್ದು ನಿಲ್ಲಬೇಕು ಅನ್ನಿಸಿತು. ನಿಲ್ಲಲಿಲ್ಲ.

"ಅವತ್ತ ಜರಡಿ ಜಿಮ್ಮಾ ಯಾರದಿತ್ತು?" ಅಧ್ಯಕ್ಷರು ಕೇಳಿದರು.

"ನಂದ್ರಿ," ಎಂದಳು ಇಮಾಮಬೀ.

"ಖರಾಬ್ ಮಾಲು ಅಂತ ಗೊತ್ತಿತ್ತೋ ಇಲ್ಲೋ?"

"ಗೊತ್ತಿತ್ರಿ."

"ಗೊತ್ತಿದ್ದು ಯಾಕ ಇಟ್ಟುಕೊಂಡಿದ್ದಿ? ಯಾಕ ಒಗೀಲಿಲ್ಲ? ಯಾಕ ಹೇಳ್ಲಿಲ್ಲ?"

ಇಮಾಮಬೀ ಒಮ್ಮೆ ನಾಗರತ್ನಾಳ ಕಡೆ ನೋಡಿದಳು. ಬೇಡಿಕೊಳ್ಳುವ ನೋಟವಲ್ಲ, ದೂರುವ ನೋಟವೂ ಅಲ್ಲ. ಬಾಗಿಲು ತೆರೆದಿಟ್ಟು ಪಕ್ಕಕ್ಕೆ ಸರಿದು ನಿಂತವರ ನೋಟ. 'ಅದು ನಮ್ಮ ಅಂಗಡಿದ್ರಿ' ಅನ್ನಲು ಎಷ್ಟು ಹೊತ್ತು ಬೇಕು? ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಅಷ್ಟರಲ್ಲಿ ಅಧ್ಯಕ್ಷರು, "ನಾಳಿಯಿಂದ ನೀ ಬರೂದು ಬ್ಯಾಡವ್ವಾ," ಎಂದುಬಿಟ್ಟಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಆ ಮೀಟಿಂಗ್ ಮುಗಿಯಿತು. ಇಮಾಮಬೀ ತನ್ನ ಚಹಾದ ಡಬ್ಬಿ ಎತ್ತಿಕೊಂಡು ಹೋದಳು. ಗೋಗಿ ರಸ್ತೆಯಲ್ಲಿ ಬಿಸಿಲು ಸುಡುತ್ತಿತ್ತು, ಆಟೋಕ್ಕೂ ಕಾಯಲಿಲ್ಲ.

ಮನೆಗೆ ಬಂದವಳೇ ನಾಗರತ್ನಾ ಗಂಡನ ಮುಂದೆ ನಿಂತಳು. "ನೀವು ಹೋಗಿ ಹೇಳ್ರಿ. ಅಕಿದು ಏನೂ ತಪ್ಪಿಲ್ಲ ಅಂತ ಒಂದ ಮಾತು ಹೇಳಿ ಬರ್ರಿ."

"ಏನಂತ ಹೇಳ್ಲಿ? ಹುಳದ ರವಾ ನಂದ ಅಂತ ಹೇಳ್ಲಿ? ನಾಳೆ ಬಜಾರದಾಗ ನನ್ನ ಅಂಗಡಿ ಹೊಚ್ಚಲ ಯಾರು ತುಳಿತಾರ?" ಚನ್ನಯ್ಯನಿಗೆ ನಿಜವಾಗಿಯೂ ಅಂಜಿಕೆಯಾಗಿತ್ತು; ಮುಖ ಬಿಳಿಚಿಕೊಂಡಿತ್ತು. ಆಮೇಲೆ, "ಪಾಪ, ಆ ಹೆಣ್ಣಮಗಳಿಗಿ ಏನರ ಮಾಡೂನು ತಗೊ," ಎಂದ. ಏನು ಮಾಡುತ್ತಾನೆಂದು ಹೆಂಡತಿ ಕೇಳಲಿಲ್ಲ.

ಎರಡು ಮೂರು ದಿನ ಅವಳು ಮನೆಯಿಂದ ಹೊರಬೀಳಲಿಲ್ಲ. ಕೊನೆಗೆ ಮನಸ್ಸು ತಡೆಯದೆ ಇಮಾಮಬೀಯ ಓಣಿಗೆ ಹೋದಳು. ಬಾಗಿಲಲ್ಲಿ ಸೊಸೆ ಸಾಬೇರಾ ಪಾತ್ರೆ ತಿಕ್ಕುತ್ತಿದ್ದಳು, ತಲೆ ಎತ್ತಲಿಲ್ಲ. ಒಳಗೆ ಇಮಾಮಬೀ ಗೋಡೆಗೆ ಒರಗಿ ಕೂತಿದ್ದಳು. ಮೂಲೆಯಲ್ಲಿ ಬಾಯಿ ಬಿಚ್ಚದ ಒಂದು ಹೊಸ ಅಕ್ಕಿ ಚೀಲ ನಿಂತಿತ್ತು. ಅದರ ಮೇಲೆ ಚನ್ನಯ್ಯನ ಅಂಗಡಿಯ ಹೆಸರು.

"ಇದು…" ಎಂದಳು ನಾಗರತ್ನಾ.

"ನಿಮ್ಮ ಟೆಂಪೊ ತಂದು ಇಳಿಸಿ ಹೋಯ್ತು. ಹಾಡೇ ಹಗಲು, ಎಲ್ಲಾರ ಕಣ್ಣ ಮುಂದ," ಎಂದಳು ಇಮಾಮಬೀ. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಮೊದಲ ಜನ ಗುಸುಗುಸು ಅನ್ನಾಕತ್ತಿದ್ರು. ಚಲೋ ಮಾಲು ಮನಿಗಿ ಹೊಡದು ಬಡವರಿಗಿ ಹುಳದ್ದು ಕೊಟ್ಟಾಳ ಅಂತ. ನಮ್ಮ ಸಾಬೇರಾ ನಳದ ಹಂತೇಕ ಕೇಳಿ ಅಳಕೋತ ಬಂದಳು. ಸುಳ್ಳು ಅಂತ ಹೇಳ್ಕೋತ ತಿರಗೀನಿ. ಆವಾಗ ನಿಮ್ಮ ಚೀಲಾ ಬಂತು. ಈಗ ಯಾರೂ ಗುಸುಗುಸು ಅನ್ನಂಗಿಲ್ಲ, ಜೋರಾಗೇ ಅಂತಾರ."

"ನನಗ ಗೊತ್ತಿದ್ದಿಲ್ಲ ಇಮಾಮಬೀ. ನಿನ್ನ ಆಣಿ, ನನಗ ಗೊತ್ತಿದ್ದಿಲ್ಲ."

"ಮೀಟಿಂಗಿನಾಗ ಗೊತ್ತಿತ್ತಲ್ಲ."

ನಾಗರತ್ನಾ ಅಳತೊಡಗಿದಳು. ಇಮಾಮಬೀ ಅವಳನ್ನು ಸಮಾಧಾನ ಮಾಡಲಿಲ್ಲ. ಅಳುವುದು ಮುಗಿದ ಮೇಲೆ ಹೇಳಿದಳು: "ಇಸಗೊಂಡು ತಿಂದಾಗ ನನಗ ನಾಚಿಕಿ ಆಗಿತ್ತು. ಕೊಡಾಕ ಹತ್ತಿದ ಮ್ಯಾಲ ಅದು ಹೋಗಿತ್ತು. ಈಗ ಕಳ್ಳಿ ಅಂತ ಕರಸ್ಕೊಂಡೆ. ಇದು ಹೆಂಗ ಹೋಗ್ತದ, ನೀ ಹೇಳು." ಆಮೇಲೆ ಎದ್ದು, "ಈ ಚೀಲ ಒಯ್ಯಾಕ ಹೇಳು. ರಾತ್ರ್ಯಾಗಲ್ಲ, ಹಗಲಾಗ ಬಂದು ಒಯ್ಯಾಕ ಹೇಳು," ಎಂದಳು.

ಅಲ್ಲಿಂದ ನಾಗರತ್ನಾ ನೆಟ್ಟಗೆ ಗೋದಾಮಿಗೆ ಹೋದಳು. ಈ ಸಲ ನಾಲಿಗೆ ತಡವರಿಸಲಿಲ್ಲ. ಚೇತನಕುಮಾರನ ಟೇಬಲ್ಲಿನ ಮುಂದೆ ನಿಂತು, ಆ ರವೆ ತನ್ನ ಗಂಡನ ಅಂಗಡಿಯದು, ಮೂಲೆಗೆ ಒಟ್ಟಿಸಿದವಳು ತಾನು, ಬಾಯಿ ಬಿಡಬೇಡ ಎಂದು ಇಮಾಮಬೀಗೆ ಹೇಳಿದವಳೂ ತಾನೇ ಎಂದು ಒಂದೇ ಉಸಿರಿಗೆ ಹೇಳಿದಳು. ಗಂಡನ ವಿರುದ್ಧ ಹೊರಗಿನವರ ಮುಂದೆ ಅವಳು ಆಡಿದ ಮೊದಲ ಮಾತು ಅದು.

ಚೇತನಕುಮಾರ ಎದ್ದು ಹೋಗಿ ಬಾಗಿಲು ಮುಂದಕ್ಕೆ ಮಾಡಿ ಬಂದ.

"ಗೊತ್ತದ ಅಮ್ಮಾರೆ," ಎಂದ. "ಚೀಲದ ಮ್ಯಾಲಿನ ಹೆಸರು ನನಗೂ ಓದಾಕ ಬರ್ತದ. ಅಧ್ಯಕ್ಷರಿಗೂ ಬರ್ತದ."

"ಮತ್ತ ಅಕಿನ್ನ ಯಾಕ ಬಿಡಿಸಿದ್ರಿ?"

"ಯಾರನರ ಬಿಡಿಸಬೇಕಿತ್ರಿ. ಸಾವ್ಕಾರ್ರ ಹೆಸರು ಹೇಳಿದ್ರ ನಾಳೆ ಒಬ್ಬ ದಾನಿ ಇತ್ತಲಾಗ ಬರಂಗಿಲ್ಲ. ಗೋದಾಮು ಮುಚ್ಚಬೇಕು. ನೀವ ಹೇಳ್ರಿ, ಆವಾಗ ಹಸದವರಿಗಿ ಯಾರು ಕೊಡ್ತಾರ?" ಅವನೂ ಮೋಸಗಾರನಲ್ಲ. ಆ ಮಾತನ್ನು ಅವನು ನಂಬಿದ್ದ, ಅವನ ಕಣ್ಣಲ್ಲಿ ನೀರೂ ಇತ್ತು. "ಇಮಾಮಬೀ ಪಗಾರದಾಕಿ ಅಲ್ಲ. ಅಕಿಗಿ ಏನು ಲುಕ್ಸಾನಾತು?" ಎಂದ.

ತಾನು ಹೇಳಿಬಿಟ್ಟರೆ ಆಕಾಶ ಕಳಚಿ ಬೀಳುತ್ತದೆ ಎಂದು ನಾಗರತ್ನಾ ತಿಳಿದಿದ್ದಳು. ಒಂದು ಹುಲ್ಲುಕಡ್ಡಿಯೂ ಅಲುಗಲಿಲ್ಲ. ಅವಳು ಕಾದಿಟ್ಟ ಗುಟ್ಟು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಅದರ ಕಾವಲಿಗೆ ಒಬ್ಬ ಗೆಳತಿಯನ್ನು ಬಲಿ ಕೊಟ್ಟಿದ್ದಳು ಅಷ್ಟೇ.

ಒಬ್ಬಳೇ ಭಟ್ಟಿಗೂ ಹೋದಳು. ಮಲ್ಲಿಕಮ್ಮ ಹಸಿ ಇಟ್ಟಿಗೆ ಒಟ್ಟುತ್ತಿದ್ದಳು. ರವೆ ನಮ್ಮದು, ಆ ಸಾಬರ ಹೆಣ್ಣುಮಗಳದು ತಪ್ಪಿಲ್ಲ ಎಂದು ನಾಗರತ್ನಾ ಹೇಳಿದ್ದನ್ನು ಅವಳು ಕೈಯ ಕೆಸರು ಒರೆಸುತ್ತ ಕೇಳಿದಳು.

"ಯಾರ ಅಂಗಡಿದಾದ್ರ ನಮಗೇನವ್ವಾ?" ಎಂದಳು. "ನಾವು ಚೀಲ ತಂದು ಸುರುವಿದ್ವಿ, ಗದ್ದಲಾ ಮಾಡಿದ್ವಿ ಅಂತ ಈಗ ನಿಮ್ಮ ಗಾಡಿ ಈ ಕಡಿ ಹೊಳ್ಳಿ ನೋಡಂಗಿಲ್ಲ. ಹಾಸ್ಟೆಲ್ಲಿಗಿ ಹೊಕ್ಕಾದಂತ. ಅಲ್ಲಿ ಹುಡುಗೂರು ಥ್ಯಾಂಕ್ಸ್ ಅಂತಾವಂತ."

"ನಾ ಮಾತಾಡ್ತೀನಿ ಅವರ ಕೂಡ…"

"ಮಾತಾಡಬ್ಯಾಡ. ಬಂದ್ರೂ ತಗೊಳ್ಳಂಗಿಲ್ಲ ನಾವು." ಅಂದು ತಂಬಿಗೆಯ ನೀರು ಬರಲಿಲ್ಲ. ನಾಗರತ್ನಾ ರಸ್ತೆಗೆ ಬಂದು, ಶಹಾಪುರದ ಕಡೆಗೆ ಹೋಗುವ ಆಟೋಕ್ಕೆ ಕೈ ಮಾಡಿದಳು.

ಅವತ್ತಿನಿಂದ ಅವಳು ಗೋದಾಮಿನ ಮುಖ ನೋಡಲಿಲ್ಲ. ಆ ವರ್ಷದ ಸಮಾರಂಭದಲ್ಲಿ ಬಳಗದವರು ಚನ್ನಯ್ಯನನ್ನು ಸನ್ಮಾನಿಸಿದರು. ದಂಪತಿ ಸಮೇತ ಬರಬೇಕೆಂದು ಮನೆಗೆ ಬಂದು ಕರೆದಿದ್ದರು. "ನಾ ಬರಂಗಿಲ್ಲ," ಎಂದಳು ನಾಗರತ್ನಾ. ಜಗಳವಾದೀತು, ಗಂಡ ಕೂಗಾಡಿಯಾನು, ಆಗ ತಾನೂ ಎಲ್ಲ ಹೇಳಿಬಿಡಬೇಕು ಎಂದು ಗಟ್ಟಿಯಾಗಿ ನಿಂತಿದ್ದಳು. ಚನ್ನಯ್ಯ "ಆಯ್ತು ಬಿಡು" ಎಂದು ಇಸ್ತ್ರಿ ಅಂಗಿ ತೊಟ್ಟುಕೊಂಡು ಹೋದ. ಹೆಂಡತಿಗೆ ಮೊಣಕಾಲು ನೋವು ಎಂದು ಮೈಕಿನಲ್ಲಿ ಹೇಳಿದನಂತೆ. ಮರುದಿನ ಓಣಿಯ ಹೆಂಗಸರು ಬಂದು, ಕಾಲಿಗೆ ಯಾವ ಎಣ್ಣೆ ತಿಕ್ಕಬೇಕೆಂದು ಹೇಳಿ ಹೋದರು. ಅವಳು ಎಲ್ಲರಿಗೂ ಚಹಾ ಕೊಟ್ಟಳು.

ಈಗ ಚನ್ನಯ್ಯ ಪ್ರತಿ ತಿಂಗಳೂ ಗೋದಾಮಿಗೆ ಮಾಲು ಕಳಿಸುತ್ತಾನೆ. ಒಳ್ಳೆ ಮಾಲೇ ಕಳಿಸುತ್ತಾನೆ, ಕಳಿಸುವ ಮೊದಲು ಚೀಲ ಬಿಚ್ಚಿ ಹೆಂಡತಿಗೆ ತೋರಿಸುತ್ತಾನೆ. "ನೋಡು, ಒಂದ ಹಳ್ಳು, ಒಂದ ಹುಳ ತೋರಸು ಇದರಾಗ," ಅನ್ನುತ್ತಾನೆ. ತೋರಿಸಲು ಅವಳಿಗೆ ಏನೂ ಸಿಗುವುದಿಲ್ಲ. ತಾನು ಕೊಡುಗೈಯವನೆಂದು ಅವನು ಈಗ ಮನಸಾರೆ ನಂಬಿದ್ದಾನೆ, ಊರೂ ನಂಬಿದೆ.

ಇಮಾಮಬೀಯನ್ನು ಅವಳು ಕೊನೆಯ ಸಲ ನೋಡಿದ್ದು ಶಹಾಪುರ ಬಸ್ ಸ್ಟ್ಯಾಂಡಿನಲ್ಲಿ. ಹುಣಸಗಿಯಲ್ಲಿರುವ ಮಗಳ ಮನೆಗೆ ಹೊರಟಿದ್ದಳು, ಕಾಲಬುಡದಲ್ಲಿ ಗಂಟು, ಟ್ರಂಕು. ಸ್ವಲ್ಪ ದಿನಕ್ಕೆ ಹೋಗುವವರ ಸಾಮಾನಲ್ಲ ಅದು.

"ಇಮಾಮಬೀ, ಹೊಳ್ಳಿ ಯಾವಾಗ ಬರ್ತಿ?" ಎಂದಳು ನಾಗರತ್ನಾ.

"ನೋಡಬೇಕ್ರಿ," ಎಂದಳು ಇಮಾಮಬೀ. ಆ 'ರಿ' ನಾಗರತ್ನಾಳ ಕಿವಿಗೆ ಕಾದ ಎಣ್ಣೆಯಂತೆ ಬಿತ್ತು.

"ನನಗ ರಿ ಹಚ್ಚಿ ಮಾತಾಡ್ತೀಯೇನ? ನಾ ಹುಣಸಗಿಗಿ ಬರ್ಲೇನು ಒಮ್ಮೆ?"

"ಬರಬ್ಯಾಡ್ರಿ ಅಮ್ಮಾರೆ. ಅಲ್ಲಿ ನನ್ನ ಯಾರಿಗೂ ಗೊತ್ತಿಲ್ಲ, ಹಂಗ ಇರ್ಲಿ." ಅವಳು ನಕ್ಕಳು ಕೂಡ, ಗಿರಾಕಿಗೆ ನಗುವ ಹಾಗೆ. "ಮೊಣಕಾಲ ನೋವು ಅಂತ ಕೇಳಿದ್ದೆ. ಆರಾಮ ಆಯ್ತೇನ್ರಿ?"

ಬಸ್ಸು ಬಂತು. ನಾಗರತ್ನಾ ಟ್ರಂಕಿಗೆ ಕೈ ಹಾಕಲು ಬಗ್ಗಿದಳು. ಅಷ್ಟರಲ್ಲಿ ಇಮಾಮಬೀ ಕಂಡಕ್ಟರನನ್ನು ಕೂಗಿ ಕರೆದಿದ್ದಳು.